ಆರು ಲಕ್ಷ ಜನರ ಚಪ್ಪಾಳೆ ಎಲ್ಲಿ ಹೋಯಿತು?

ಬ್ರಿಟನ್ನಿನ ರಾಕ್ ಬ್ಯಾಂಡ್ ದಿ ಹೂ (The Who) 1970ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದ (ಐಲ್ ಆಫ್ ವೈಟ್) ಬಯಲು ಸಂಗೀತ ಉತ್ಸವದಲ್ಲಿ ನುಡಿಸಿದ್ದರ ರೆಕಾರ್ಡಿಂಗ್ ಬಗ್ಗೆ ನಾವು ಬರೆದದ್ದನ್ನು ಓದಿ ಅದನ್ನು ತರಿಸಿಕೊಂಡು ಕೇಳಿದಿರಂತೆ, ನಿರಾಸೆಯಾಯಿತಂತೆ. ನಿಮ್ಮ ಪತ್ರದ ತಕರಾರು ಮೂರು. ಅದೇ ಬ್ಯಾಂಡು ಅದೇ ವರ್ಷ ಲೀಡ್ಸ್ ಊರಿನಲ್ಲಿ ನುಡಿಸಿ ತಂದ ಆಲ್ಬಮ್‌ನಷ್ಟು ಖಡಕ್ ಆಗಿಲ್ಲ. ಗಿಟಾರ್, ಗಂಟಲು ಎರಡೂ ಅಲ್ಲಲ್ಲಿ ಶ್ರುತಿ ಬಿಡುತ್ತವೆ, ಸ್ಟುಡಿಯೊದಲ್ಲಿ ಸರಿ ಮಾಡಬಹುದಿತ್ತಲ್ವಾ? ಆರು ಲಕ್ಷ ಜನ ಅಂತ ಬರೆದಿದ್ದೀರಿ, ಚಪ್ಪಾಳೆ ಕೇಳಿದರೆ ಆರುನೂರು ಜನರೂ ಇದ್ದ ಹಾಗಿಲ್ಲ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆರು ಲಕ್ಷ ಅನ್ನುವುದು ಅಂದಾಜು ಮಾತ್ರ, ಅದನ್ನು ಲೆಕ್ಕ ಹಾಕಿದ ಹಾಗೆ ಅಚ್ಚು ಹಾಕಬಾರದಿತ್ತು. ಟಿಕೆಟ್ ಇಲ್ಲದವರು ಗುಡ್ಡದ ಮೇಲೆ ಕೂತಿದ್ದರು, ಬೇಲಿ ಮುರಿದರು, ಕೊನೆಗೆ ಎಲ್ಲರಿಗೂ ಉಚಿತ ಅಂತ ಸಾರಬೇಕಾಯಿತು. ಅಲ್ಲಿ ತಲೆ ಎಣಿಸಿದವರು ಯಾರು? ಆದರೆ ಜನ ಕಡಿಮೆ ಇದ್ದರು ಅಂತಲ್ಲ. ಮರುವರ್ಷವೇ ಬ್ರಿಟನ್ ಸಂಸತ್ತು ಆ ದ್ವೀಪಕ್ಕಾಗಿಯೇ ಒಂದು ಕಾನೂನು ತಂದು, ಐದು ಸಾವಿರಕ್ಕಿಂತ ಜಾಸ್ತಿ ಜನ ಪರವಾನಗಿ ಇಲ್ಲದೆ ರಾತ್ರಿ ಬಯಲಲ್ಲಿ ಸೇರದಂತೆ ಮಾಡಿತು. ಸುಮ್ನೆ ಹಾಗೆ ಮಾಡುತ್ತಾರಾ?

ಹಾಗಾದರೆ ಚಪ್ಪಾಳೆ ಎಲ್ಲಿ? ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯಿಂದ ಅಷ್ಟು ದೂರ ಕೂತವನಿಗೆ ಹಾಡು ಮುಗಿದದ್ದು ಗೊತ್ತಾಗುವುದೇ ಒಂದು ಸೆಕೆಂಡು ತಡವಾಗಿ, ಅವನ ಚಪ್ಪಾಳೆ ವೇದಿಕೆಯ ಮೈಕಿಗೆ ಬರಲು ಇನ್ನೊಂದು ಸೆಕೆಂಡು, ಅಷ್ಟು ಹೊತ್ತಿಗೆ ಮುಂದೆ ಕೂತವರದು ಅರ್ಧ ಮುಗಿದಿರುತ್ತದೆ. ಜೊತೆಗೆ ಬಯಲಲ್ಲಿ ಗೋಡೆ ಇಲ್ಲ, ಚಾವಣಿ ಇಲ್ಲ, ಹೋದ ಶಬ್ದ ಹೋಯಿತು. ಹಾಲ್‌ನಲ್ಲಿ ಎರಡು ಸಾವಿರ ಜನ ತಟ್ಟಿದರೆ ಪಟಾಕಿ ಸರ ಹೊಡೆದ ಹಾಗಿರುತ್ತದೆ. ಬಯಲಲ್ಲಿ ಲಕ್ಷ ಜನ ತಟ್ಟಿದರೂ ದೂರದ ಸಮುದ್ರದ ಹಾಗೆ, ಮೊರೆತ ಮಾತ್ರ. ಅದೂ ಆ ಕಾಲದಲ್ಲಿ ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಇರುತ್ತಿದ್ದದ್ದು ಎಂಟು ಟ್ರ್ಯಾಕಿನ ಟೇಪು, ಅಂದರೆ ಎಂಟು ಸದ್ದುಗಳನ್ನು ಬೇರೆ ಬೇರೆಯಾಗಿ ಹಿಡಿಯುವಂಥದ್ದು. ಡ್ರಮ್ಮು, ಬಾಸು, ಗಿಟಾರು, ಹಾಡುವವರು ಎಲ್ಲರಿಗೂ ಹಂಚಿ ಉಳಿದದ್ದು ಜನರಿಗೆ.

ಲೀಡ್ಸ್ ಜೊತೆ ಹೋಲಿಸುವುದು ಅದಕ್ಕೇ ಸರಿಯಲ್ಲ. 1970ರ ಫೆಬ್ರುವರಿ 14ರಂದು ಅವರು ನುಡಿಸಿದ್ದು ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ. ವೈಟ್ ದ್ವೀಪದಲ್ಲಿ ವೇದಿಕೆ ಹತ್ತಿದ್ದು ಆಗಸ್ಟ್ 30ರ ಬೆಳಗಿನ ಜಾವ ಎರಡರ ಸುಮಾರಿಗೆ, ಡೋರ್ಸ್ ಬ್ಯಾಂಡು ಇಳಿದ ಮೇಲೆ. ಚಳಿಗಾಳಿ, ಮೇಲೆ ಬಿಸಿ ದೀಪ, ತಂತಿ ಒಂದು ಹದದಲ್ಲಿ ನಿಲ್ಲುವುದೇ ಕಷ್ಟ. ಅದರಲ್ಲೂ ಅವರ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತೋಳು ಗಾಳಿಯಂತ್ರದ ಹಾಗೆ ತಿರುಗಿಸಿ ಬಾರಿಸುವ ಮನುಷ್ಯ. ಮರುದಿನ ರಾತ್ರಿ ಅದೇ ವೇದಿಕೆಯಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ನುಡಿಸುವಾಗ ಕಾವಲುಗಾರರ ವಾಕಿಟಾಕಿ ಮಾತು ಸ್ಪೀಕರ್‌ನಲ್ಲಿ ಬಂತು, ರೆಕಾರ್ಡಿಂಗ್‌ನಲ್ಲೂ ಇದೆ. ಬಯಲು ಉತ್ಸವ ಅಂದರೆ ಇಷ್ಟೇ.

ಇನ್ನು ಸ್ಟುಡಿಯೊದಲ್ಲಿ ಸರಿ ಮಾಡುವ ವಿಷಯ. ಇಲ್ಲಿ ನಿಮಗೊಂದು ಕೆಟ್ಟ ಸುದ್ದಿ. ನಿಮಗಿಷ್ಟವಾದ ಲೀಡ್ಸ್ ಆಲ್ಬಮ್‌ನಲ್ಲೇ ಹಿಮ್ಮೇಳದ ದನಿ ಆ ರಾತ್ರಿ ಸರಿಯಾಗಿ ಟೇಪಿಗೆ ಬಿದ್ದಿರಲಿಲ್ಲ, ಆಮೇಲೆ ಟೌನ್‌ಶೆಂಡ್ ಮತ್ತು ಬಾಸು ನುಡಿಸುವ ಎಂಟ್‌ವಿಸಲ್ ಸ್ಟುಡಿಯೊದಲ್ಲಿ ಹಾಡಿ ಸೇರಿಸಿದರು. ಮೊದಲ ಮುದ್ರಣದಲ್ಲಿ ಚಟಚಟ ಸದ್ದಿತ್ತು, ಅದು ಇರಲಿ, ಸರಿ ಮಾಡಬೇಡಿ ಅಂತ ತಟ್ಟೆಯ ಲೇಬಲ್ ಮೇಲೇ ಬರೆದರು! ಹಾಗಂತ ಅವರನ್ನು ದೂರಬೇಡಿ. ಅಮೆರಿಕದ ವುಡ್‌ಸ್ಟಾಕ್ ಉತ್ಸವದ ಆಲ್ಬಮ್ ನೋಡಿ, ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಮತ್ತು ಯಂಗ್ ಎಂಬ ತಂಡದ ಒಂದು ಹಾಡು ಉತ್ಸವದ್ದೇ ಅಲ್ಲ, ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ನುಡಿಸಿದ್ದು. ಅದರ ಮುಂದೆ ಎರಡು ಸಾಲು ಹಿಮ್ಮೇಳ ಏನು ದೊಡ್ಡದು?

ವೈಟ್ ದ್ವೀಪದ ಟೇಪು ಆಲ್ಬಮ್ ಆಗಿ ಬಂದದ್ದು 1996ರಲ್ಲಿ. ಬ್ಯಾಂಡಿನ ಡ್ರಮ್ ವಾದಕ ಕೀತ್ ಮೂನ್ ಸತ್ತು ಹದಿನೆಂಟು ವರ್ಷವಾಗಿತ್ತು, ಯಾರನ್ನು ಕರೆದು ಮತ್ತೆ ಬಾರಿಸಿ ಅನ್ನುವುದು? ನನಗೆ ಕೇಳಿದರೆ ಅದೇ ಒಳ್ಳೆಯದಾಯಿತು. ಅವರ ರಾಕ್ ಸಂಗೀತ ಕಥಾನಕ ‘ಟಾಮಿ’ಯ ಭಾಗ ಶುರುವಾದ ಮೇಲೆ ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಡ್ರಮ್ ಒಂದನ್ನೇ ಹಿಂಬಾಲಿಸಿ. ಎಲ್ಲರೂ ಸುಸ್ತಾಗುವ ಹೊತ್ತಲ್ಲಿ ಮೂನ್ ಇನ್ನೂ ಯಾರ ಜೊತೆಗೋ ಜಗಳಕ್ಕೆ ನಿಂತ ಹಾಗೆ ಬಾರಿಸುತ್ತಾನೆ. ಗಿಟಾರ್ ಸ್ವಲ್ಪ ಆಚೀಚೆ ಹೋದರೂ ಅವನು ಎಳೆದುಕೊಂಡು ಹೋಗುತ್ತಾನೆ. ಶ್ರುತಿ ತಿದ್ದಿದ್ದರೆ ಆ ಎಳೆದಾಟವೇ ಇರುತ್ತಿರಲಿಲ್ಲ. ಆದರೆ ‘ಸ್ಫಟಿಕದಂಥ ಧ್ವನಿ’ ಅಂತ ನಮ್ಮ ವಿಮರ್ಶೆಯಲ್ಲಿ ಬಂದದ್ದು ಶುದ್ಧ ಸುಳ್ಳು, ಅದನ್ನು ವಾಪಸ್ ತಗೊಂಡಿದ್ದೇನೆ.

ಎರಡರಲ್ಲಿ ಒಂದೇ ಇಟ್ಟುಕೊಳ್ಳುವುದಾದರೆ ಯಾವುದು ಅಂತ ಕೇಳಿದ್ದೀರಿ. ಲೀಡ್ಸ್, ಅನುಮಾನವೇ ಬೇಡ. ಇನ್ನೊಂದನ್ನು ಬಿಸಾಡಬೇಡಿ, ಕಚೇರಿ ವಿಳಾಸಕ್ಕೆ ಕಳಿಸಿ. ನನ್ನದನ್ನು ಒಬ್ಬ ಗೆಳೆಯ ಒಯ್ದವನು ಇನ್ನೂ ಕೊಟ್ಟಿಲ್ಲ.

– ಸಂಪಾದಕ