ಪ್ರತಿಕ್ರಿಯೆ: ಬಯಾಪ್ಸಿ ಆದಮೇಲೂ ಜೀನ್ ಟೆಸ್ಟ್ ಯಾಕೆ?

ತಮ್ಮನ ತೊಡೆಯ ಗಂಟಿಗೆ ಸೂಜಿ ಬಯಾಪ್ಸಿ ಆಗಿ ‘ಸ್ಪಿಂಡಲ್ ಸೆಲ್ ಗೆಡ್ಡೆ’ ಅಂತ ಬಂದಿದೆ, ಮತ್ತೆ ಜೀನ್ ಟೆಸ್ಟ್ ಯಾಕೆ ಅಂತ ಕೇಳಿದ್ದೀರಿ. ಡಾಕ್ಟರು ಸುಮ್ನೆ ಬರೆದಿರಲಿಕ್ಕಿಲ್ಲ. ಸ್ಪಿಂಡಲ್ ಸೆಲ್ ಅನ್ನುವುದು ರೋಗದ ಹೆಸರಲ್ಲ, ಜೀವಕೋಶ ಕದಿರಿನ ಹಾಗೆ ಉದ್ದಕ್ಕಿದೆ ಅಂತ ಅಷ್ಟೇ. ಹಾಗೆ ಕಾಣುವ ಗೆಡ್ಡೆಗಳು ಹತ್ತಾರು, ಕೆಲವು ಕ್ಯಾನ್ಸರೇ ಅಲ್ಲ. ಅವುಗಳಲ್ಲಿ ಒಂದಾದ ಸೈನೋವಿಯಲ್ ಸಾರ್ಕೋಮಾ ಅನ್ನುವ ಕ್ಯಾನ್ಸರ್ ಆಗಿದ್ದರೆ ಎಕ್ಸ್ ಮತ್ತು 18ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ, ಎಸ್‌ಎಸ್18 ಜೀನು ಎಸ್‌ಎಸ್‌ಎಕ್ಸ್ ಜೀನಿಗೆ ಅಂಟಿಕೊಂಡಿರುತ್ತದೆ. ಫಿಶ್ ಅನ್ನುವ ಜೀನ್ ಟೆಸ್ಟ್ ಹುಡುಕುವುದು ಇಂಥ ಗುರುತನ್ನೇ. ಸಾಮಾನ್ಯವಾಗಿ ಮತ್ತೆ ಚುಚ್ಚಬೇಕಿಲ್ಲ. ಬಯಾಪ್ಸಿಯಲ್ಲಿ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ ಲ್ಯಾಬಿನಲ್ಲಿ ಇಟ್ಟಿರುತ್ತಾರಲ್ಲ, ಆ ಬ್ಲಾಕಿನಲ್ಲೇ ಮಾಡುತ್ತಾರೆ, ಅದರಲ್ಲಿ ಸಾಕಷ್ಟು ಮಾಂಸ ಉಳಿದಿದ್ದರೆ ಆಯಿತು. ಬ್ಲಾಕ್ ಕೇಳಿ ಇಸ್ಕೊಳ್ಳಿ. ರೋಗದ ಹೆಸರು ಗಟ್ಟಿಯಾಗುವ ಮೊದಲೇ ‘ಸಣ್ಣ ಗಂಟು ಅಲ್ವಾ’ ಅಂತ ತೆಗೆಸಲು ಮಾತ್ರ ಹೋಗಬೇಡಿ.