ಓದುಗರ ಪ್ರಶ್ನೆ: ಬೆಳಕು ಕುಸಿದದ್ದು ಗ್ರಹದಿಂದಲೋ, ಮೌಂಟ್‌ನಿಂದಲೋ?

ಪ್ರಶ್ನೆ: 6 ಇಂಚಿನ ಟೆಲಿಸ್ಕೋಪ್, ಮೋಟಾರಿನ ಈಕ್ವಟೋರಿಯಲ್ ಮೌಂಟ್ (ಆಕಾಶ ತಿರುಗಿದಂತೆ ಟೆಲಿಸ್ಕೋಪನ್ನೂ ತಿರುಗಿಸುವ ಆಸರೆ), ಡಿಎಸ್‌ಎಲ್‌ಆರ್ ಕ್ಯಾಮೆರಾ ಇವೆ. ಮನೆ ಮಾಳಿಗೆಯಿಂದ ಬಾಹ್ಯಗ್ರಹದ ಸಂಕ್ರಮಣ, ಅಂದರೆ ಬೇರೆ ನಕ್ಷತ್ರದ ಗ್ರಹ ಅದರ ಮುಂದೆ ಹಾಯುವುದನ್ನು, ಹಿಡಿಯಲಾದೀತೆ?
– ಓದುಗರು, ಕಲಬುರಗಿ

ಉತ್ತರ: ಧಾರಾಳವಾಗಿ. ಎಚ್‌ಡಿ 189733 ನಕ್ಷತ್ರದಿಂದ ಶುರುಮಾಡಿ. ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಂಕು) 7.7, ಡಂಬ್‌ಬೆಲ್ ನೀಹಾರಿಕೆಯಿಂದ ಕಾಲು ಡಿಗ್ರಿ ದೂರ, ಹುಡುಕಲು ತ್ರಾಸಿಲ್ಲ. ಗ್ರಹ ಅಡ್ಡ ಬಂದಾಗ ಬೆಳಕು ಶೇ 2.4ರಷ್ಟು ಇಳಿಯುತ್ತದೆ, ಅಂದರೆ 1000 ಇದ್ದದ್ದು 976. ಸಂಕ್ರಮಣ ಸುಮಾರು 1 ಗಂಟೆ 50 ನಿಮಿಷ. ಹಿಂದೆ ಒಂದು ಗಂಟೆ, ಮುಂದೆ ಒಂದು ಗಂಟೆ ಸೇರಿಸಿ ನಾಲ್ಕು ತಾಸು ಕೂರಬೇಕು. ಒಂದು ರಾತ್ರಿ ಮೋಡ ಕೆಡಿಸಿದರೆ 20 ದಿನ ಬಿಟ್ಟು ನೋಡಿ: ಗ್ರಹದ 9 ಸುತ್ತು ಮುಗಿದು, ಸಂಕ್ರಮಣ ಸುಮಾರು 47 ನಿಮಿಷ ಮುಂಚೆ ಬರುತ್ತದೆ.

ಚಿತ್ರ ಚೂಪಾಗಿರಲಿ ಎಂಬ ಆಸೆ ಬಿಡಿ. ಫೋಕಸ್ ಬೇಕೆಂದೇ ಕೆಡಿಸಿ, ಚುಕ್ಕಿ 15–20 ಪಿಕ್ಸೆಲ್ ಅಗಲದ ವಡೆಯಂತಾಗಲಿ. ಆಗ 30 ಸೆಕೆಂಡಿನ ಎಕ್ಸ್‌ಪೋಶರ್ ಕೊಟ್ಟರೂ ಪಿಕ್ಸೆಲ್ ತುಂಬಿ ತುಳುಕುವುದಿಲ್ಲ, ಗಾಳಿಯ ಮಿನುಗೂ ಸರಾಸರಿಯಲ್ಲಿ ಕರಗುತ್ತದೆ. ಐಎಸ್‌ಒ 100 ಅಥವಾ 200 ಸಾಕು. 14 ಬಿಟ್ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್‌ನ ಬೆಳಕಿನ ಎಣಿಕೆ 16,383ರ ಹತ್ತಿರ ತುಂಬುತ್ತದೆ. ನಿಮ್ಮದು 8,000 ದಾಟದಿರಲಿ. ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲೇ ಬೇಕು. ಜೆಪೆಗ್ ಬೆಳಕಿನ ಲೆಕ್ಕವನ್ನೇ ತಿರುಚುತ್ತದೆ. ಅಳೆಯುವಾಗ ಹಸಿರು ಪಿಕ್ಸೆಲ್‌ಗಳನ್ನಷ್ಟೇ ತೆಗೆದುಕೊಳ್ಳಿ.

ಶಹಾಬಾದ್ ಕಲ್ಲು ಹಾಸಿದ ಮಾಳಿಗೆಯಾದರೆ ಸಂಜೆಯೇ ನೀರು ಹೊಡೆಯಿರಿ. ಹಗಲಿನ ಕಾವು ಆ ಕಲ್ಲಿನಿಂದ ರಾತ್ರಿ ಬಹಳ ಹೊತ್ತು ಎದ್ದು, ಚುಕ್ಕಿಯನ್ನು ನಡುಗಿಸುತ್ತಿರುತ್ತದೆ.

ಪ್ರಶ್ನೆ: ಸೆಪ್ಟೆಂಬರ್ ಕೊನೆಯಲ್ಲಿ ಇದೇ ನಕ್ಷತ್ರ ಅಳೆದೆ. ರಾತ್ರಿ 8ರ ಸುಮಾರಿಗೆ ಗ್ರಾಫ್ ಒಮ್ಮೆಲೇ ಕೆಳಗೆ ಬಿತ್ತು. ಗ್ರಹವೇ ಇರಬಹುದೆ?
– ಓದುಗರು, ಬೀದರ್

ಉತ್ತರ: ಅಲ್ಲ, ಮೌಂಟ್ ಮಗುಚಿದ್ದು. ನಕ್ಷತ್ರ ಮಧ್ಯಾಹ್ನರೇಖೆ (ನೆತ್ತಿಯ ಮೇಲೆ ಉತ್ತರ–ದಕ್ಷಿಣ ಹಾಯುವ ಗೆರೆ) ದಾಟಿದ ಮೇಲೆ ಇಂಥ ಮೌಂಟ್ ಟೆಲಿಸ್ಕೋಪನ್ನು ಇನ್ನೊಂದು ಪಕ್ಕಕ್ಕೆ ಹೊರಳಿಸುತ್ತದೆ. ಆ ದಿನಗಳಲ್ಲಿ ಈ ನಕ್ಷತ್ರ ನಿಮ್ಮ ನೆತ್ತಿಯ ಬಳಿ ಮಧ್ಯಾಹ್ನರೇಖೆ ದಾಟುವುದು 8ರ ಆಸುಪಾಸಿನಲ್ಲೇ. ಮೌಂಟ್ ಪಕ್ಕ ಬದಲಿಸಿದರೆ ಚಿತ್ರ 180 ಡಿಗ್ರಿ ತಿರುಗಿ, ಚುಕ್ಕಿ ಬೇರೆ ಪಿಕ್ಸೆಲ್‌ಗಳ ಮೇಲೆ, ಬಹುಶಃ ಧೂಳಿನ ನೆರಳೊಳಗೆ ಕೂರುತ್ತದೆ. ಗ್ರಹವಾದರೆ ಬೆಳಕು ಇಪ್ಪತ್ತಕ್ಕೂ ಹೆಚ್ಚು ನಿಮಿಷ ಜಾರುತ್ತಾ ಇಳಿಯುತ್ತಿತ್ತು.

ಖಾತ್ರಿಗೆ, ಅದೇ ಚಿತ್ರದಲ್ಲಿ ಹೋಲಿಕೆಗೆ ಇಟ್ಟುಕೊಂಡ ಬೇರೆ ಎರಡು ಚುಕ್ಕಿಗಳ ಬೆಳಕನ್ನು ಒಂದರಿಂದೊಂದು ಭಾಗಿಸಿ. ಅಲ್ಲೂ ಅದೇ ಹೊತ್ತಿಗೆ ಮೆಟ್ಟಿಲು ಕಂಡರೆ ತಪ್ಪು ಉಪಕರಣದ್ದೇ. ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಮುಸ್ಸಂಜೆ ಬೆಳಕಲ್ಲಿ 30 ಫ್ಲಾಟ್ ಚಿತ್ರ (ಧೂಳಿನ ನೆರಳನ್ನು ತೋರುವ ಸಮ ಬೆಳಕಿನ ಚಿತ್ರ) ತೆಗೆದು ಸರಿಪಡಿಸಿ. ಫೋಕಸ್, ಕ್ಯಾಮೆರಾದ ಕೋನ ಎರಡನ್ನೂ ಆಮೇಲೆ ಮುಟ್ಟಬೇಡಿ. ಅಕ್ಟೋಬರ್ ನಡುವಿನ ನಂತರವಾದರೆ ಕತ್ತಲಾಗುವ ಮೊದಲೇ ನಕ್ಷತ್ರ ರೇಖೆ ದಾಟಿರುತ್ತದೆ, ಮಗುಚುವ ಗೋಜೇ ಇಲ್ಲ. ಆದರೆ ನಕ್ಷತ್ರ ಪಡುವಣಕ್ಕೆ ಇಳಿಯುವುದರಿಂದ ರಾತ್ರಿ 11ರೊಳಗೆ ಅಳತೆ ಮುಗಿಸಬೇಕು.