ಕಾಗದಪತ್ರವಿಲ್ಲದ ವಲಸಿಗರಿಗೆ ನೆರವಾಗುವುದು ಬೈಬಲಿಗೆ ವಿರುದ್ಧವೇ?

ವಿರುದ್ಧವಲ್ಲ, ನೆರವಾಗಬೇಕೆಂದೇ ಬೈಬಲ್ ಹೇಳುತ್ತದೆ. ಯಾಜಕಕಾಂಡ 19:34 ಪರದೇಶಿಯನ್ನು ಸ್ವದೇಶದವನಂತೆಯೇ ಕಾಣಬೇಕೆಂದು ವಿಧಿಸಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂಬ ಕಾರಣವನ್ನೂ ಕೊಡುತ್ತದೆ. ಧರ್ಮೋಪದೇಶಕಾಂಡ 24 ಇನ್ನೂ ನಿಖರವಾಗಿದೆ: ಬಡ ಕೂಲಿಯಾಳು ಪರದೇಶಿಯಾಗಿದ್ದರೂ ಹೊತ್ತು ಮುಳುಗುವ ಮೊದಲೇ ಅವನ ಕೂಲಿ ಸಲ್ಲಬೇಕು. ಕೋಲಾರದ ಟೊಮೆಟೊ ಮಂಡಿಯಲ್ಲಿ ದಿನವಿಡೀ ಬಾಕ್ಸ್ ಹೊತ್ತವನಿಗೆ ಆಧಾರ್ ಇಲ್ಲವೆಂಬ ನೆಪದಿಂದ ಬಟವಾಡೆ ತಡೆಹಿಡಿದರೆ ಈ ವಿಧಿಯನ್ನು ಮುರಿದಂತಾಗುತ್ತದೆ.

ಇದಕ್ಕೆ ಕೆಲವರು ಎತ್ತುವ ಆಕ್ಷೇಪದಂತೆ, ಬೈಬಲಿನಲ್ಲೇ ಇರುವ, ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯವು ಅಧಿಕಾರಿಗಳಿಗೆ ಅಧೀನರಾಗಿರಿ ಎನ್ನುವುದು ನಿಜ. ವಲಸೆಗೆ ಷರತ್ತು ವಿಧಿಸುವ ಅಧಿಕಾರ ಸರ್ಕಾರಕ್ಕಿದೆ ಎಂದು ಕ್ಯಾಥೋಲಿಕ್ ಧರ್ಮಸಭೆಯೂ ಒಪ್ಪುತ್ತದೆ. ಆದ್ದರಿಂದ ನಕಲಿ ದಾಖಲೆ ಮಾಡಿಸಿಕೊಡುವುದನ್ನು ಈ ವಾದ ಸಮರ್ಥಿಸುವುದಿಲ್ಲ. ಆದರೆ ಅದೇ ಅಧ್ಯಾಯದ 9ನೆಯ ವಚನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎನ್ನುತ್ತದೆ.